ಬೀಜದಿಂದ ಹುಲ್ಲುನೆಲವನ್ನು ಬೆಳೆಸುವ ಕ್ರಮ

ಹುಲ್ಲು ತಾನಾಗಿಯೇ ಬೆಳೆಯುವ ವಸ್ತು, ಅದನ್ನು ಬಿತ್ತಿ ಬೆಳೆಯತಕ್ಕದ್ದೇನಿದೆ ಎಂಬ ಭಾವನೆಯು ನಮ್ಮ ಒಕ್ಕಲಿಗರಲ್ಲಿ ಬಹುಕಾಲದಿಂದ ಬೇರೂರಿದೆ. ಗಾಯರಾಣಗಳು ವಿಸ್ತಾರವಾಗಿಯೂ ದನಗಳು ಮಿತವಾಗಿಯೂ ಇದ್ದ ಕಾಲಕ್ಕೆ ಈ ಮಾತು ಸಲ್ಲುತ್ತಿತ್ತು. ಈಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಅನೇಕ ಗಾಯರಾಣಗಳಲ್ಲಿ ಕಲ್ಲು, ಜಾಲಿಯ ಮುಳ್ಳು, ದನಗಳು ಮೂಸಿಯೂ ನೋಡದ ಕಸ ಇವೇ ಹೆಚ್ಚು; ಒಳ್ಳೆಯ ಹುಲ್ಲಿನ ಬುಡಗಳು ವಿರಳ. ಬೇರು ಸಹಿತ ನಾಶವಾದ ಹುಲ್ಲು ಮಳೆ ಬಿದ್ದ ಮಾತ್ರಕ್ಕೆ ಮರಳಿ ಬರುವುದಿಲ್ಲ. ಅದನ್ನು ಬೀಜದಿಂದಲೇ ತರಬೇಕು.

ಹುಲ್ಲಿನ ಬೀಜವನ್ನು ಬಿತ್ತಿ ಫಲ ಕಾಣದವರು ಭೂಮಿಯನ್ನೂ ಮಳೆಯನ್ನೂ ದೂರುವುದುಂಟು. ಆದರೆ ಕೆಡುಕಿಗೆ ಬಹುಮಟ್ಟಿಗೆ ಮೂರೇ ಕಾರಣಗಳು. ಆಗಲೇ ಕೊಯ್ದ ಬೀಜವನ್ನು ಬಿತ್ತುವುದು ಒಂದು. ಜೋಳದಂತೆ ಆಳಕ್ಕೆ ಹಾಕುವುದು ಎರಡು. ಮೊದಲ ವರ್ಷವೇ ದನಗಳನ್ನು ಬಿಡುವುದು ಮೂರು. ಇವನ್ನು ತಪ್ಪಿಸಿದವನಿಗೆ ಹುಲ್ಲಿನ ಬೇಸಾಯವು ಕಷ್ಟದ್ದಲ್ಲ.

ಅವಶ್ಯಕತೆ

ಈ ನಾಡು ದನಗಳಿಗೆ ಹೆಸರಾದ ನಾಡು. ಎರೆಯ ಜಿಗುಟು ಮಣ್ಣಿನಲ್ಲಿ ಭಾರವೆಳೆಯುವ ಕೃಷ್ಣಾ ಕಣಿವೆಯ ತಳಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಾಂಗಲಿ, ಮಿರಜ ಮುಂತಾದ ಸಂಸ್ಥಾನಿಕರ ಆಶ್ರಯದಲ್ಲಿ ಈ ನದಿಯ ದಂಡೆಗಳಲ್ಲಿಯೇ ರೂಪುಗೊಂಡಿತು. ಖಿಲಾರಿ ಎತ್ತುಗಳ ಖ್ಯಾತಿಯನ್ನು ಹೇಳಬೇಕಾಗಿಯೇ ಇಲ್ಲ. ಇಂದು ಈ ದನಗಳಿಗೆ ದೊರೆಯುವುದು ಜೋಳದ ಕಣಿಕೆ ಮತ್ತು ಕಬ್ಬು ನುರಿಸುವ ದಿವಸಗಳಲ್ಲಿ ಕಬ್ಬಿನ ಸೋಗೆ. ಸೋಗೆಯು ಹೊಟ್ಟೆ ತುಂಬುವುದೇ ಹೊರತು ಮೈ ತುಂಬುವುದಿಲ್ಲ; ಅದರಲ್ಲಿ ಪ್ರೋಟೀನಿನ ಅಂಶ ಅಲ್ಪ. ಕಾರಖಾನೆಗಳು ನಿಂತ ಮೇಲೆ ಮಿರಗಿನ ಮಳೆಯವರೆಗೆ ಅದೂ ಇಲ್ಲ.

೨೦೧೯ನೆಯ ಇಸವಿಯನ್ನು ಈ ಭಾಗದವರು ಮರೆತಿರಲಾರರು. ಆ ಬೇಸಿಗೆಯಲ್ಲಿ ಕೃಷ್ಣೆಯು ಬತ್ತಿ, ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಮಹಾರಾಷ್ಟ್ರವನ್ನು ಕೇಳಿಕೊಳ್ಳುವ ಪ್ರಸಂಗ ಬಂದಿತು. ಆಗಸ್ಟಿನಲ್ಲಿ ಅದೇ ನದಿಯು ದಂಡೆ ಮೀರಿ ಹೊಲಗಳನ್ನೂ ಬಣವೆಗಳನ್ನೂ ಮುಳುಗಿಸಿತು. ನೀರಾವರಿ ಹೊಲದ ಮೇವೊಂದನ್ನೇ ನೆಚ್ಚಿದ ಊರಿಗೆ ಇಂಥ ವರ್ಷದಲ್ಲಿ ದನ ಮಾರುವುದೊಂದೇ ದಾರಿಯಾಗುತ್ತದೆ. ಎತ್ತರದ ಮಡ್ಡಿಯಲ್ಲಿ ಹುಲ್ಲು ಇದ್ದ ಊರಿಗೆ ಕೆಲವು ತಿಂಗಳ ಆಧಾರವಾದರೂ ಇರುತ್ತದೆ.

ಗ್ರಾಮದ ಹಿರಿಯರು ಯೋಚಿಸತಕ್ಕ ಇನ್ನೊಂದು ಮಾತುಂಟು. ಕರ್ನಾಟಕ ಭೂಕಂದಾಯ ನಿಯಮಗಳು, ೧೯೬೬ ಇವುಗಳ ಮೇರೆಗೆ ನೂರು ದನಗಳಿಗೆ ೧೨ ಹೆಕ್ಟೇರಿನಂತೆ, ಎಂದರೆ ಸುಮಾರು ೩೦ ಎಕರೆಯಂತೆ, ಸರಕಾರಿ ಭೂಮಿಯನ್ನು ಉಚಿತ ಮೇವಿಗಾಗಿ ಇಡತಕ್ಕದ್ದಾಗಿದೆ. ಊರ ಸಾಮಾನ್ಯ ಭೂಮಿಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ೨೦೧೧ನೆಯ ಜನವರಿ ೨೮ರಂದು ಸರ್ವೋಚ್ಚ ನ್ಯಾಯಾಲಯವು ಜಗಪಾಲ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಕಾಯಿದೆಯ ಬಲವು ಹೀಗಿದ್ದರೂ, ಹುಲ್ಲಿಲ್ಲದ ಗಾಯರಾಣವು ಎಲ್ಲರ ಕಣ್ಣಿಗೂ ಬೀಳುಭೂಮಿಯಾಗಿ ಕಾಣುತ್ತದೆ. ಬೀಳುಭೂಮಿಯನ್ನು ಕೇಳುವವರು ಬಹಳ. ಹಸುರಾದ ಗಾಯರಾಣವು ತನ್ನ ಮೇರೆಯನ್ನು ತಾನೇ ಕಾಯುತ್ತದೆ.

ಯಾವ ನೆಲಕ್ಕೆ ಯಾವ ಹುಲ್ಲು

ನಮ್ಮ ಹುಲ್ಲುಗಳ ಶಾಸ್ತ್ರೀಯ ಅಭ್ಯಾಸವು ಹೊಸದಲ್ಲ. ಈ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದಾಗ, ೧೯೨೫ರಲ್ಲಿ, ಸಸ್ಯಶಾಸ್ತ್ರಜ್ಞರಾದ ಡಬ್ಲ್ಯು. ಬರ್ನ್ಸ್, ಎಲ್. ಬಿ. ಕುಲಕರ್ಣಿ, ಎಸ್. ಆರ್. ಗೋಡಬೋಲೆ ಇವರು ಹಿಂದುಸ್ಥಾನದ ಕೆಲವು ಹುಲ್ಲುಗಳನ್ನೂ ಹುಲ್ಲುಗಾವಲುಗಳನ್ನೂ ಕುರಿತು ಗ್ರಂಥವನ್ನು ಪ್ರಕಟಿಸಿದರು. ೧೯೬೨ರಲ್ಲಿ ಝಾನ್ಸಿಯಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯು ಸ್ಥಾಪಿತವಾಯಿತು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವು ಧಾರವಾಡದಲ್ಲಿದೆ. ಇಂಥ ಅಭ್ಯಾಸಗಳಿಂದ ಮನಗಾಣತಕ್ಕ ಮುಖ್ಯ ಸಂಗತಿಯೆಂದರೆ, ಎಲ್ಲ ನೆಲಕ್ಕೂ ಒಂದೇ ಹುಲ್ಲು ಒಗ್ಗುವುದಿಲ್ಲ.

ಮಡ್ಡಿಗೂ ಮಸಾರಿಗೂ ಹಗುರ ಮಣ್ಣಿನ ಒಡ್ಡುಗಳಿಗೂ ಅಂಜನ ಹುಲ್ಲು ಉತ್ತಮ. ಇದು ಬಹುವಾರ್ಷಿಕ, ಬೇರು ಆಳಕ್ಕೆ ಇಳಿಯುವುದರಿಂದ ಮಳೆ ಕೈಕೊಟ್ಟರೂ ತಡೆಯುತ್ತದೆ. ಆದರೆ ನೀರು ನಿಲ್ಲುವಲ್ಲಿ ಬಾಳುವುದಿಲ್ಲ. ಎರೆ ಭೂಮಿಗೂ ಎರೆಯ ಬದುಗಳಿಗೂ ಮಾರ್ವೇಲ ಹುಲ್ಲು ಮೇಲು; ಇದರ ಕಾಂಡ ಮೃದು, ದನಗಳಿಗೆ ಅತಿ ರುಚಿ. ಅತಿ ನೀರಾವರಿಯಿಂದ ಸವುಳಾದ ನದೀತೀರದ ಭೂಮಿಗಳಲ್ಲಿ ರೋಡ್ಸ್ ಹುಲ್ಲನ್ನು ಪರೀಕ್ಷಿಸಿ ನೋಡಬಹುದು. ಅದು ಉಪ್ಪನ್ನು ಸಾಕಷ್ಟು ತಾಳುತ್ತದೆ. ಮಡ್ಡಿಯಲ್ಲಿ ಅಂಜನದ ಸಾಲುಗಳ ನಡುವೆ ಸ್ಟೈಲೋ ಎಂಬ ದ್ವಿದಳ ಮೇವನ್ನು ಬಿತ್ತಿದರೆ ಮೇವಿನ ಸತ್ವವೂ ಹೆಚ್ಚುವುದು, ನೆಲಕ್ಕೆ ಸಾರಜನಕವೂ ಸೇರುವುದು.

ಬೀಜದ ವಿಚಾರ

ಅಂಜನದ ಬೀಜಕ್ಕೆ ಕೊಯ್ದ ಕೂಡಲೆ ಮೊಳೆಯುವ ಗುಣವಿಲ್ಲ. ಅದು ಕೆಲವು ತಿಂಗಳು ನಿದ್ರಿಸುತ್ತದೆ. ಇದು ಸೃಷ್ಟಿಯ ಜಾಣತನವೇ ಸರಿ. ಏತಕ್ಕೆಂದರೆ ಚಿತ್ತಿ ಸ್ವಾತಿಯ ಕೊನೆಯ ಹನಿಗೆ ಬೀಜವು ಮೊಳೆತರೆ ಮುಂದಿನ ಒಣಗಾಲದಲ್ಲಿ ಸಸಿಯು ಸತ್ತೇ ಹೋಗುವುದು. ಆದ್ದರಿಂದ ಹಿಂದಿನ ವರ್ಷ ಕೊಯ್ದು, ಒಣಗಿಸಿ, ಅರಿವೆಯ ಚೀಲದಲ್ಲಿ ಬೆಚ್ಚಗೆ ಇಟ್ಟ ಬೀಜವನ್ನೇ ಬಿತ್ತತಕ್ಕದ್ದು. ಸ್ಟೈಲೋ ಬೀಜದ ಸಿಪ್ಪೆಯು ಗಟ್ಟಿ. ಅದನ್ನು ೮೦ ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾದ ನೀರಿನಲ್ಲಿ ೪-೫ ನಿಮಿಷ ಅದ್ದಿ ತೆಗೆದು, ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಯಿಟ್ಟು ಬಿತ್ತಬೇಕು.

ಕೊಂಡು ತಂದ ಬೀಜವನ್ನು ನಂಬಿ ಬಿತ್ತುವುದಕ್ಕಿಂತ ಮೊದಲು ಪರೀಕ್ಷಿಸುವುದು ಜಾಣತನ. ನೂರು ಬೀಜಗಳನ್ನು ಎಣಿಸಿ ಒದ್ದೆ ಗೋಣಿತಟ್ಟಿನ ಮಡಿಕೆಯಲ್ಲಿಟ್ಟು, ತಟ್ಟು ಆರದಂತೆ ಎರಡು ವಾರ ನೋಡಿಕೊಳ್ಳಬೇಕು. ಎಷ್ಟು ಮೊಳೆತವೆಂಬುದರ ಮೇಲೆ ಬೀಜದ ಯೋಗ್ಯತೆಯು ತಿಳಿಯುವುದು. ಅಂಜನಕ್ಕೆ ಎಕರೆಗೆ ಸುಮಾರು ೨ ಕಿಲೋಗ್ರಾಂ ಬೀಜ ಸಾಕು. ಮೊಳಕೆಯು ತೀರ ಕಡಿಮೆಯಾದರೆ ಅದರ ಪ್ರಮಾಣದಲ್ಲಿ ಹೆಚ್ಚು ಹಾಕಬೇಕು.

ನೆಲದ ಹದ ಮತ್ತು ಬಿತ್ತನೆ

ಬೇಸಿಗೆಯಲ್ಲಿ ಮುಳ್ಳುಕಂಟಿಗಳನ್ನು ಬೇರು ಸಹಿತ ಕಿತ್ತು, ಇಳುಕಲಿಗೆ ಅಡ್ಡಲಾಗಿ ನೇಗಿಲು ಹೊಡೆದು ಬಿಡಬೇಕು. ಎಕರೆಗೆ ೨ ಟನ್ನು ಕೊಳೆತ ತಿಪ್ಪೆಗೊಬ್ಬರ ಹಾಕಿ ಕುಂಟೆಯಿಂದ ಸಮಮಾಡಬೇಕು. ಮಿರಗಿನ ಮಳೆಗೆ ಎದ್ದ ಕಸವನ್ನು ಇನ್ನೊಮ್ಮೆ ಕುಂಟೆ ಹೊಡೆದು ತೆಗೆದ ಮೇಲೆ, ಆರಿದ್ರೆಯ ಮಳೆಯು ಹಿಡಿದಾಗ ಬಿತ್ತುವುದು ಯುಕ್ತ.

ಅಂಜನದ ಬೀಜವು ನವಿರಾದ ಕೂದಲಿನಿಂದ ಕೂಡಿರುವುದರಿಂದ ಗಾಳಿಗೆ ಹಾರುತ್ತದೆ, ಕೈಯಿಂದ ಸಮನಾಗಿ ಬೀಳುವುದಿಲ್ಲ, ಇರುವೆಗಳೂ ಹೊತ್ತೊಯ್ಯುತ್ತವೆ. ಇದಕ್ಕೆ ಉಪಾಯವೆಂದರೆ ಬೀಜವನ್ನು ಹಸಿ ಮಣ್ಣು, ಸಗಣಿ, ಉಸುಕು ಇವುಗಳೊಡನೆ ಕಲಸಿ ಸಣ್ಣ ಗುಳಿಗೆಗಳನ್ನು ಮಾಡಿ ನೆರಳಿನಲ್ಲಿ ಒಣಗಿಸಿ ಬಿತ್ತುವುದು. ಅದಾಗದಿದ್ದರೆ ಬೀಜದ ಹತ್ತು ಪಟ್ಟು ಹಸಿ ಮಣ್ಣಿನೊಡನೆ ಬೆರಸಿಯಾದರೂ ಬಿತ್ತಬೇಕು.

ಒಂದೂವರೆ ಅಡಿಗೆ ಒಂದು ಸಾಲು ಹಿಡಿದು, ತೆಳುವಾಗಿ ಗೀರಿದ ಗೆರೆಯಲ್ಲಿ ಬೀಜವನ್ನು ಉದುರಿಸಿ, ಮುಳ್ಳಿನ ಕೊಂಬೆಯನ್ನು ಮೆಲ್ಲಗೆ ಎಳೆದು ಮುಚ್ಚಬೇಕು. ಮೇಲಿನ ಮಣ್ಣು ೧ ಸೆಂಟಿಮೀಟರಿಗಿಂತ ಹೆಚ್ಚಾಗಬಾರದು. ಜೋಳದ ಕಾಳಿನಲ್ಲಿ ಸಸಿಗೆ ಬೇಕಾದ ಬುತ್ತಿಯು ದಂಡಿಯಾಗಿರುತ್ತದೆ. ಹುಲ್ಲಿನ ಬೀಜದಲ್ಲಿರುವ ಬುತ್ತಿಯು ಅತ್ಯಲ್ಪ. ಆಳಕ್ಕೆ ಬಿದ್ದ ಬೀಜದ ಮೊಳಕೆಯು ಬೆಳಕು ಕಾಣುವುದಕ್ಕಿಂತ ಮೊದಲೇ ಆ ಬುತ್ತಿಯು ತೀರಿ ಹೋಗುತ್ತದೆ. ಆದ್ದರಿಂದ ಕೂರಿಗೆಯಿಂದ ಹುಲ್ಲು ಬಿತ್ತುವುದು ಯೋಗ್ಯವಲ್ಲ.

ಮೊದಲ ವರ್ಷದ ಕಾವಲು

ಎಲ್ಲಕ್ಕಿಂತ ಮುಖ್ಯವಾದುದು ಇದೇ. ಒಂದು ತಿಂಗಳಿಗೆ ಒಮ್ಮೆ ಕಳೆ ತೆಗೆದು, ಎಕರೆಗೆ ೨೦ ಕಿಲೋಗ್ರಾಂ ಯೂರಿಯಾ ಹಾಕಿದರೆ ಸಸಿಗಳು ತೆಂಡೆಯೊಡೆಯುತ್ತವೆ. ನೋಡುವವರಿಗೆ ಆಗ ಹುಲ್ಲು ಸಿದ್ಧವಾದಂತೆ ತೋರುತ್ತದೆ. ಆದರೆ ಬೇರು ಇನ್ನೂ ಎಳೆಯದು; ದನವು ಬಾಯಿ ಹಾಕಿದರೆ ಬುಡವೇ ಕಿತ್ತು ಬರುತ್ತದೆ. ಕುರಿಗಳಂತೂ ನೆಲಕ್ಕೆ ಹತ್ತಿ ಮೇಯುವುದರಿಂದ ಮರಳಿ ಚಿಗುರತಕ್ಕ ಮೊಗ್ಗುಗಳೂ ಉಳಿಯುವುದಿಲ್ಲ. ಮೊದಲ ವರ್ಷ ಯಾವ ದನವನ್ನೂ ಒಳಕ್ಕೆ ಬಿಡಕೂಡದು. ಹುಲ್ಲು ತೆನೆ ಬಿಟ್ಟು ಬೀಜ ಉದುರಿಸಿದ ಮೇಲೆ, ನೆಲದಿಂದ ೧೦ ಸೆಂಟಿಮೀಟರು ಬಿಟ್ಟು ಕುಡುಗೋಲಿನಿಂದ ಕೊಯ್ದು ಒಯ್ಯಬೇಕು. ಉದುರಿದ ಬೀಜವು ಮುಂದಿನ ವರ್ಷ ಬರಿದಾದ ಸ್ಥಳಗಳನ್ನು ತುಂಬುವುದು.

ಇಲ್ಲಿ ಊರಿನ ಹಿರಿಯರ ನ್ಯಾಯಬುದ್ಧಿಯು ಬೇಕಾಗುತ್ತದೆ. ಇಡೀ ಗಾಯರಾಣವನ್ನು ಒಮ್ಮೆಲೆ ಮುಚ್ಚಿದರೆ ಹೊಲವಿಲ್ಲದವನ ಆಡು ಎಮ್ಮೆಗಳು ಎಲ್ಲಿಗೆ ಹೋಗಬೇಕು? ಅವನೇ ರಾತ್ರಿಯಲ್ಲಿ ಬೇಲಿ ಮುರಿಯುವನು; ಮುರಿದರೆ ಅವನನ್ನು ದೂರುವಂತೆಯೂ ಇಲ್ಲ. ಗಾಯರಾಣವನ್ನು ನಾಲ್ಕು ಭಾಗ ಮಾಡಿ ವರ್ಷಕ್ಕೊಂದು ಭಾಗವನ್ನು ಮಾತ್ರ ಬಿತ್ತಿ ಮುಚ್ಚಬೇಕು. ಆ ಭಾಗದಲ್ಲಿ ಕೊಯ್ದ ಹುಲ್ಲಿನಲ್ಲಿ ಮೊದಲ ಪಾಲನ್ನು ಭೂಮಿಯಿಲ್ಲದವರಿಗೆ ಕೊಡಬೇಕು. ಗ್ರಾಮಸಭೆಯಲ್ಲಿ ಹೀಗೆಂದು ಠರಾವು ಮಾಡಿ, ಕುರಿಹಿಂಡಿನವರಿಗೂ ಮೊದಲೇ ತಿಳಿಸಿದರೆ ಮುಳ್ಳುಬೇಲಿಗಿಂತ ಆ ಒಪ್ಪಂದವೇ ಬಲವಾದ ಬೇಲಿಯಾಗುವುದು.

ಎರಡನೆಯ ವರ್ಷದಿಂದ ಸರದಿಯಂತೆ ಮೇಯಿಸಬಹುದು. ಅರ್ಧ ಮೇಯಲಿ, ಅರ್ಧ ಉಳಿಯಲಿ ಎಂಬುದೇ ಸೂತ್ರ. ಉಳಿದ ಎಲೆಯೇ ಬೇರನ್ನು ಸಾಕುತ್ತದೆ.

ಶಾಲೆಯ ಅಂಗಳದ ಹಸುರು ಹಾಸು

ಶಾಲೆ, ಪಂಚಾಯಿತಿಯ ಕಚೇರಿ ಇವುಗಳ ಅಂಗಳದ ಧೂಳನ್ನು ತಡೆಯಲು ಕರಿಕೆಯ ಹಾಸಿನಂಥದು ಬೇರಿಲ್ಲ. ನೆಲವನ್ನು ಒಂದು ಗೇಣು ಅಗೆದು, ಕಲ್ಲನ್ನೂ ಜೇಕಿನ ಗಡ್ಡೆಯನ್ನೂ ಆರಿಸಿ, ನೀರು ಹರಿದು ಹೋಗುವಂತೆ ತುಸು ಇಳುಕಲು ಕೊಟ್ಟು ಸಮಮಾಡಬೇಕು. ಒಮ್ಮೆ ನೀರು ಬಿಟ್ಟು, ಎದ್ದ ಕಸವನ್ನು ಕಿತ್ತ ಮೇಲೆ, ಗುಂಟೆಗೆ ಸುಮಾರು ೩೦೦ ಗ್ರಾಂ ಬೀಜವನ್ನು ಸಣ್ಣ ಉಸುಕಿನೊಡನೆ ಬೆರಸಿ, ಅರ್ಧವನ್ನು ಉದ್ದಕ್ಕೂ ಅರ್ಧವನ್ನು ಅಡ್ಡಕ್ಕೂ ಚೆಲ್ಲಬೇಕು. ಜರಡಿ ಹಿಡಿದ ಗೊಬ್ಬರವನ್ನು ತೆಳ್ಳಗೆ ಹರಡಿ, ಹಗುರಾದ ಉರುಳೆಯಿಂದ ಒತ್ತಿ, ಸಣ್ಣ ತೂತಿನ ಝಾರಿಯಿಂದ ನೀರು ಕೊಡಬೇಕು. ಮೊಳೆಯುವವರೆಗೆ ಎರಡು ಮೂರು ವಾರ ಮೇಲ್ಮಣ್ಣು ಆರಬಾರದು. ನಾಲ್ಕು ಬೆರಳು ಬೆಳೆದಾಗ ಮೊದಲ ಸಲ ಕತ್ತರಿಸಬೇಕು. ಎತ್ತರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಅಲ್ಲಿಯವರೆಗೆ ಮಕ್ಕಳ ಆಟಕ್ಕೆ ಬೇರೆ ಸ್ಥಳವನ್ನು ತೋರಿಸಬೇಕು.

ಒಂದು ಎಚ್ಚರಿಕೆ. ಅಂಗಳಕ್ಕೆ ಮಿತ್ರನಾದ ಕರಿಕೆಯು ಎರೆಹೊಲಕ್ಕೆ ಪರಮ ಶತ್ರು. ಕತ್ತರಿಸಿದ ತುಂಡುಗಳನ್ನು ತಿಪ್ಪೆಗೆ ಹಾಕದೆ ದನಗಳಿಗೆ ಹಾಕಬೇಕು. ಒಂದು ಗಿಣ್ಣು ಹೊಲಕ್ಕೆ ಹೋದರೂ ಕೀಳುವ ಖರ್ಚು ತಪ್ಪದು.

ಹುಲ್ಲಿನ ಬೇಸಾಯಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. ಜಮೀನುದಾರರು ಈ ವರ್ಷ ತಮ್ಮ ಒಡ್ಡುಗಳ ಮೇಲೆ, ಗ್ರಾಮದ ಮುಖ್ಯಸ್ಥರು ಗಾಯರಾಣದ ಒಂದೇ ಎಕರೆಯಲ್ಲಿ ಇದನ್ನು ಮಾಡಿ ನೋಡಲಿ. ಆ ಒಂದು ಎಕರೆಯಿಂದ ಕೊಯ್ದ ಬೀಜವೇ ಮುಂದಿನ ವರ್ಷ ಹಲವು ಎಕರೆಗಳಿಗೆ ಆಗುವುದು.