ಕರ್ನಾಟಕದ ಆರೋಗ್ಯ ಮತ್ತು ಸಮಾಜ ಕಲ್ಯಾಣ ಆಯವ್ಯಯ

ಕರ್ನಾಟಕದ ಆರೋಗ್ಯ ಮತ್ತು ಸಮಾಜ ಕಲ್ಯಾಣ ಆಯವ್ಯಯ ಎಂದರೆ ಆಸ್ಪತ್ರೆ, ಔಷಧಿ, ಪೌಷ್ಟಿಕ ಆಹಾರ, ಪಿಂಚಣಿ ಮೊದಲಾದ ಸೇವೆಗಳಿಗಾಗಿ ರಾಜ್ಯ ಸರ್ಕಾರವು ಪ್ರತಿವರ್ಷ ಅಂದಾಜಿಸಿ, ವಿಧಾನಮಂಡಲದ ಅನುಮೋದನೆಯೊಂದಿಗೆ ವೆಚ್ಚ ಮಾಡುವ ಹಣದ ವ್ಯವಸ್ಥೆ. ಆರ್ಥಿಕ ವರ್ಷವು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆ.

ಸಂವಿಧಾನಾತ್ಮಕ ಹಿನ್ನೆಲೆ

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಗೆ ಸೇರಿವೆ. 202ನೆಯ ವಿಧಿಯಂತೆ ವಾರ್ಷಿಕ ಹಣಕಾಸು ವಿವರಣಾಪತ್ರವನ್ನು ಸದನದ ಮುಂದಿಡಲಾಗುತ್ತದೆ. 203ನೆಯ ವಿಧಿಯಂತೆ ಇಲಾಖಾವಾರು ಅನುದಾನ ಬೇಡಿಕೆಗಳಿಗೆ ವಿಧಾನಸಭೆಯು ಮತ ನೀಡುತ್ತದೆ. ವಿಧಾನ ಪರಿಷತ್ತು ಚರ್ಚಿಸಬಹುದೇ ಹೊರತು ಬೇಡಿಕೆಗಳ ಮೇಲೆ ಮತ ಹಾಕುವಂತಿಲ್ಲ. ಧನವಿನಿಯೋಗ ಮಸೂದೆ ಅಂಗೀಕಾರವಾದ ನಂತರವೇ ಸಂಚಿತ ನಿಧಿಯಿಂದ ಹಣ ಪಡೆಯಲು ಸಾಧ್ಯ.

ಲೆಕ್ಕ ಶೀರ್ಷಿಕೆಗಳು

ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ವೆಚ್ಚವನ್ನು 2210, ಕುಟುಂಬ ಕಲ್ಯಾಣವನ್ನು 2211, ಸಾಮಾಜಿಕ ಭದ್ರತೆಯನ್ನು 2235, ಪೌಷ್ಟಿಕತೆಯನ್ನು 2236ರ ಪ್ರಧಾನ ಶೀರ್ಷಿಕೆಯಡಿ ದಾಖಲಿಸಲಾಗುತ್ತದೆ. ಆಸ್ಪತ್ರೆ ಕಟ್ಟಡದಂತಹ ಬಂಡವಾಳ ವೆಚ್ಚಕ್ಕೆ 4210 ಎಂಬ ಬೇರೆ ಶೀರ್ಷಿಕೆಯಿದೆ. ಆದ್ದರಿಂದ ಕಟ್ಟಡಕ್ಕೆ ಹಣ ದೊರೆತ ಮಾತ್ರಕ್ಕೆ ಅಲ್ಲಿ ದುಡಿಯುವ ದಾದಿಯ ವೇತನಕ್ಕೂ ಹಣ ದೊರೆತಂತಾಗುವುದಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಭರಿಸುತ್ತವೆ.

ಹಂಚಿಕೆ

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣಕ್ಕೆ 17,473 ಕೋಟಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಗೆ 34,955 ಕೋಟಿ ರೂಪಾಯಿ ಒದಗಿಸಲಾಯಿತು. ಎರಡನೆಯ ಮೊತ್ತದ ಬಹುಭಾಗ ಗೃಹಲಕ್ಷ್ಮಿ ಯೋಜನೆಯದು. ರಾಜ್ಯಗಳು ತಮ್ಮ ಆಯವ್ಯಯದ ಶೇ. 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಮೀಸಲಿಡಬೇಕೆಂಬುದು 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಗುರಿ. ಮೇಲಿನ ಹಂಚಿಕೆ ಶೇ. 4ಕ್ಕಿಂತ ತುಸು ಹೆಚ್ಚು.

ತುಮರಿಯ ಉದಾಹರಣೆ

ಜನಸಂಖ್ಯೆಯನ್ನೇ ಅಳತೆಗೋಲಾಗಿಸಿಕೊಂಡ ಹಂಚಿಕೆಯ ಮಿತಿಯನ್ನು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ತುಮರಿಯಲ್ಲಿ ಕಾಣಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನಸಂಖ್ಯೆ ಎಂಬುದು ರಾಷ್ಟ್ರೀಯ ಮಾನದಂಡ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆ ಮುಳುಗಡೆಯಾದಾಗ, ತುಮರಿ ಸುತ್ತಲಿನ ಊರುಗಳು ಹಿನ್ನೀರಿನ ಆಚೆ ಉಳಿದವು. ಊರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದ್ದರೂ ಹೆಚ್ಚಿನ ಚಿಕಿತ್ಸೆಗೆ ಸಾಗರಕ್ಕೇ ಹೋಗಬೇಕಿತ್ತು. ಲಾಂಚ್ ಸೇವೆ ರಾತ್ರಿ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದಾಗ ವಾಹನ ಸಾಗಣೆಯೂ ನಿಲ್ಲುತ್ತಿತ್ತು. ಅಂತಹ ವೇಳೆಯಲ್ಲಿ ಹೆರಿಗೆ ನೋವು, ಹಾವಿನ ಕಡಿತ, ಹೃದಯಾಘಾತದ ರೋಗಿಗಳಿಗೆ ದೀರ್ಘವಾದ ಸುತ್ತುದಾರಿಯೇ ಗತಿಯಾಗಿತ್ತು.

2025ರ ಜುಲೈ 14ರಂದು ಉದ್ಘಾಟನೆಗೊಂಡ 2.44 ಕಿಲೋಮೀಟರ್ ಉದ್ದದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ಈ ಸ್ಥಿತಿಯನ್ನು ಬದಲಿಸಿತು. ಆದರೆ ಅದು ಕೇಂದ್ರದ ಹೆದ್ದಾರಿ ಕಾಮಗಾರಿ. ಅದರ ವೆಚ್ಚ ಆರೋಗ್ಯದ ಯಾವ ಶೀರ್ಷಿಕೆಯಲ್ಲೂ ಕಾಣಿಸುವುದಿಲ್ಲ. ವೈದ್ಯರು, ಔಷಧಿ ಮತ್ತು ಆಂಬುಲೆನ್ಸ್‌ಗೆ ಬೇಕಾದ ಹಣ ಮಾತ್ರ ಇಂದಿಗೂ ಪ್ರತಿವರ್ಷದ ಅನುದಾನವನ್ನೇ ಅವಲಂಬಿಸಿದೆ.