ಚಂಚಲ ಬಾಲಕನೂ ಚಿಕಿತ್ಸೆಯ ಭ್ರಮೆಗಳೂ

ಗದಗ ಜಿಲ್ಲೆಯ ಇಟಗಿಯು ಭೀಮಾಂಬಿಕೆಯ ಗುಡಿಯಿಂದ ಹೆಸರಾದ ಊರು. ಅಂಥ ಊರಿನ ಶಾಲೆಯಲ್ಲಿ ಎಂಟು ವರ್ಷದ ಬಾಲಕನೊಬ್ಬನನ್ನು ಊಹಿಸಿಕೊಳ್ಳೋಣ. ನಾಲ್ಕು ಲೆಕ್ಕ ಕೊಟ್ಟರೆ ಎರಡನ್ನು ಮಾಡಿ ಕಿಟಕಿಯ ಕಡೆ ನೋಡುತ್ತಾನೆ, ಗುರುಗಳು ಪ್ರಶ್ನೆ ಮುಗಿಸುವುದರೊಳಗೆ ಉತ್ತರ ಕೂಗುತ್ತಾನೆ, ಕುಳಿತಲ್ಲಿ ಕುಳ್ಳಿರಲಾರ. “ಹುಡುಗ ಉಡಾಳ ಆಗ್ಯಾನ, ನಾಕು ಬಿಗದ್ರ ನೆಟ್ಟಗಾಗ್ತಾನ” ಎಂಬುದು ನೆರೆಯವರ ತೀರ್ಪು. ಈ ತೀರ್ಪು ಸರಿಯೆ?

ಇಂಥ ಮಕ್ಕಳನ್ನು ಕುರಿತು ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿಯೇ ಉಪನ್ಯಾಸಗಳನ್ನು ಕೊಟ್ಟಿದ್ದನು. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಈ ಸ್ಥಿತಿಗೆ ಇಂದು ಎ.ಡಿ.ಎಚ್.ಡಿ. ಎಂದು ಹೆಸರು. ತುಂಟ ಮಕ್ಕಳಿಗೆಲ್ಲ ಈ ಹೆಸರು ಸಲ್ಲದು. ಲಕ್ಷಣಗಳು 12 ವರ್ಷ ತುಂಬುವ ಮೊದಲೇ ತೋರಿರಬೇಕು. ಕನಿಷ್ಠ ಆರು ತಿಂಗಳು ಇರಬೇಕು. ಮನೆ, ಶಾಲೆ ಎರಡೂ ಕಡೆ ಕಾಣಬೇಕು. ಮಗುವಿನ ಬಾಳಿಗೆ ತೊಡಕಾಗಿರಬೇಕು. ಇದರಲ್ಲಿ ಅನುವಂಶದ ಪಾತ್ರ ಬಹಳ ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳಿಂದ ತಿಳಿದಿದೆ. ಆದುದರಿಂದ ತಾಯಿಯ ಮುದ್ದನ್ನು ದೂರುವುದೂ ಬೆತ್ತವನ್ನು ನಂಬುವುದೂ ಸಮನಾದ ತಪ್ಪುಗಳು. ಏಟು ಗಮನವನ್ನು ಕಲಿಸದು, ಅಂಜಿಕೆಯನ್ನು ಕಲಿಸುತ್ತದೆ. ಸಕ್ಕರೆ ತಿಂದುದರಿಂದ ಹೀಗಾಯಿತೆಂಬ ಮಾತೂ ಪರೀಕ್ಷೆಗಳಲ್ಲಿ ನಿಂತಿಲ್ಲ.

ಎರಡನೆಯ ಭ್ರಮೆ ಔಷಧವನ್ನು ಕುರಿತದ್ದು: “ಗುಳಿಗೆ ಕೊಟ್ಟರೆ ಮಗು ಮಂಕಾಗುತ್ತದೆ.” ನಿಜ ಸಂಗತಿ ಸ್ವಾರಸ್ಯಕರವಾಗಿದೆ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ 30 ಮಕ್ಕಳಿಗೆ ಒಂದು ಉತ್ತೇಜಕ ಔಷಧವನ್ನು ಕೊಟ್ಟಾಗ ಸುಮಾರು ಅರ್ಧದಷ್ಟು ಮಕ್ಕಳ ಓದು ಎದ್ದು ಕಾಣುವಂತೆ ಸುಧಾರಿಸಿತು. ಉತ್ತೇಜಕದಿಂದ ಮಗು ಶಾಂತವಾಗುವುದು ಹೇಗೆ? ಬಾವಿಯ ನೀರು ಕಾಲುವೆಯಲ್ಲಿಯೇ ಇಂಗಿದರೆ ಕಡೆಯ ಸಾಲಿಗೆ ತಲುಪುವುದಿಲ್ಲವಷ್ಟೆ. ಮಿದುಳಿನ ಮುಂಭಾಗದಲ್ಲಿ ನರಕೋಶಗಳು ಡೋಪಮೈನ್, ನಾರ್‌ಎಪಿನೆಫ್ರಿನ್ ಎಂಬ ವಸ್ತುಗಳ ಮೂಲಕ ಸಂದೇಶ ಕಳುಹಿಸುತ್ತವೆ. ಕಳುಹಿಸಿದ್ದನ್ನು ಬೇಗ ಹಿಂದಕ್ಕೆ ಹೀರಿಕೊಳ್ಳುತ್ತವೆ. ಇಂದು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್ ಈ ಹೀರುವಿಕೆಯನ್ನು ತಡೆಯುತ್ತದೆ. ಆಗ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ಮಿದುಳಿನ ಶಕ್ತಿಯೇ ಎಚ್ಚರಗೊಳ್ಳುತ್ತದೆ. ಮಗು ಮಂಕಾದರೆ ಅದು ಪ್ರಮಾಣ ಹೆಚ್ಚಾದುದರ ಸೂಚನೆ, ವೈದ್ಯರಿಗೆ ತಿಳಿಸತಕ್ಕದ್ದು.

ಔಷಧ ಪೂರ್ಣ ನಿರಪಾಯಕರವೆಂದು ನಾವು ಹೇಳುವುದಿಲ್ಲ. ಹಸಿವು ಕುಗ್ಗುವುದು, ನಿದ್ರೆ ಕೆಡುವುದುಂಟು. ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಆಗಾಗ ನೋಡಬೇಕಾಗುತ್ತದೆ. ಆದರೆ ವೈದ್ಯರು ಹೇಳಿದಂತೆ ಸೇವಿಸಿದ ಮಕ್ಕಳು ಮುಂದೆ ವ್ಯಸನಿಗಳಾಗುವರೆಂಬ ಭಯಕ್ಕೆ ಅಧ್ಯಯನಗಳ ಬೆಂಬಲವಿಲ್ಲ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು: ಗುಳಿಗೆಯೊಂದೇ ಸಾಕು ಎಂಬುದು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 579 ಮಕ್ಕಳನ್ನು 14 ತಿಂಗಳು ಪರೀಕ್ಷಿಸಲಾಯಿತು. ಮೂಲ ಲಕ್ಷಣಗಳನ್ನು ತಗ್ಗಿಸುವುದರಲ್ಲಿ ಎಚ್ಚರಿಕೆಯಿಂದ ಕೊಟ್ಟ ಔಷಧ ಮೇಲಾಯಿತು. ಅದರ ಜೊತೆಗೆ ನಡವಳಿಕೆಯ ತರಬೇತಿಯೂ ಸೇರಿದಾಗ ಔಷಧದ ಕಡಿಮೆ ಪ್ರಮಾಣವೇ ಸಾಕಾಯಿತು. ಆದರೆ ಮೂರು ವರ್ಷಗಳಾಗುವಷ್ಟರಲ್ಲಿ ಗುಂಪುಗಳ ನಡುವಣ ವ್ಯತ್ಯಾಸ ಅಳಿಸಿಹೋಗಿತ್ತು. ಒಮ್ಮೆ ಮಾಡಿ ಮುಗಿಸುವ ಚಿಕಿತ್ಸೆ ಇದಲ್ಲವೆಂಬುದೇ ಇದರ ಪಾಠ. ಆರು ವರ್ಷದೊಳಗಿನ ಮಕ್ಕಳಿಗಂತೂ ಮೊದಲ ಚಿಕಿತ್ಸೆ ತಂದೆತಾಯಿಗಳಿಗೆ ಕೊಡುವ ತರಬೇತಿಯೇ: ಕೆಲಸವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕೊಡುವುದು, ಮಾಡಿದೊಡನೆ ಮೆಚ್ಚುವುದು, ದಿನಚರಿಯನ್ನು ಒಂದೇ ಕ್ರಮದಲ್ಲಿ ನಡೆಸುವುದು.

“ದೊಡ್ಡವನಾದರೆ ತಾನೇ ಸರಿಹೋದೀತು” ಎಂದು ಕಾಯುವವರೂ ಇದ್ದಾರೆ. ವಯಸ್ಸಾದಂತೆ ಓಡಾಟ ತಗ್ಗುವುದು ದಿಟ. ಗಮನದ ತೊಡಕು ಹಲವರಲ್ಲಿ ಉಳಿಯುತ್ತದೆ. ಕಾಯುವ ವರ್ಷಗಳಲ್ಲಿ ಬಾಲಕನು ಓದನ್ನು ಕಳೆದುಕೊಳ್ಳುತ್ತಾನೆ. ತಾನು ದಡ್ಡನೆಂಬ ನಂಬಿಕೆಯನ್ನು ಗಳಿಸುತ್ತಾನೆ.

ದೇವಿಗೆ ಹರಕೆ ಹೊರುವುದಕ್ಕೂ ವೈದ್ಯರನ್ನು ಕಾಣುವುದಕ್ಕೂ ವಿರೋಧವಿಲ್ಲ. ಗದಗ ಸೀಮೆಯವರಿಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆ ದೂರವಲ್ಲ. 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯ 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ವಿದ್ಯಾರ್ಥಿಮಿತ್ರರೇ, ಆ ಚಂಚಲ ಬಾಲಕ ನಿಮ್ಮ ತಮ್ಮನಿರಬಹುದು, ಪಕ್ಕದ ಬೆಂಚಿನವನಿರಬಹುದು. ಅವನನ್ನು ಉಡಾಳನೆಂದು ಕರೆಯುವ ಮೊದಲು ಒಂದು ಕ್ಷಣ ತಡೆಯಿರಿ. ಅವನಿಗೆ ದೊರೆಯಬೇಕಾದ ಸಹಾಯದ ಮೊದಲ ಹೆಜ್ಜೆ ಅದೇ.