'ಅರ್ಥ್' ಎಂಬುದಕ್ಕೆ ಎಷ್ಟು ಅರ್ಥ?

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಪಂಪ್‌ಮನೆಯ ಹತ್ತಿರ ನಿಂತರೆ 'ಮೋಟರ್ ಮುಟ್ಟಬೇಡ, ಅರ್ಥ್ ಹೊಡೆಯುತ್ತದೆ' ಎಂಬ ಮಾತು ನಿಮ್ಮ ಕಿವಿಗೆ ಬೀಳಬಹುದು. ಹೊಡೆಯುವುದು ಅರ್ಥ್ ಅಲ್ಲ, ಅರ್ಥ್ ಸರಿಯಿಲ್ಲದಾಗ ಮೋಟರಿನ ಹೊದಿಕೆಗೆ ಬಂದ ವಿದ್ಯುತ್ತು. ಅದಿರಲಿ, ಈ ಪದ ಮಣ್ಣಿನಿಂದ ವಿದ್ಯುತ್ತಿನವರೆಗೆ ಬಂದದ್ದು ಹೇಗೆ?

ಪ್ರಾಚೀನ ಇಂಗ್ಲಿಷಿನಲ್ಲಿ ಇದರ ರೂಪ 'ಎಯೊರ್ಥೆ'. ಜರ್ಮನಿನ 'ಎರ್ಡೆ', ಡಚ್ಚಿನ 'ಆರ್ಡೆ' ಇದರ ಸೋದರರು. ಇರುವೆ, ಗೆದ್ದಲು ತಿನ್ನುವ ಆಫ್ರಿಕದ ಪ್ರಾಣಿ 'ಆರ್ಡ್‌ವಾರ್ಕ್' ಎಂದರೆ 'ಮಣ್ಣಿನ ಹಂದಿ'. ಮೊದಲಿಗೆ ಈ ಪದಕ್ಕಿದ್ದ ಅರ್ಥಗಳು ಮಣ್ಣು, ಕಾಲಡಿಯ ನೆಲ, ಮನುಷ್ಯರಿರುವ ಲೋಕ ಇಷ್ಟೆ. ಗ್ರಹ ಎಂಬ ಅರ್ಥ ನಂತರ ಸೇರಿತು. ಹಾಗಾಗಿ ಇಂಗ್ಲಿಷಿನಲ್ಲಿ ಮಿಕ್ಕೆಲ್ಲ ಗ್ರಹಗಳಿಗೆ ಗ್ರೀಕ್ ಅಥವಾ ರೋಮನ್ ದೇವತೆಗಳ ಹೆಸರಿದ್ದರೆ ನಮ್ಮದಕ್ಕೆ ಮಾತ್ರ ಮಣ್ಣಿನ ಹೆಸರು!

ಕನ್ನಡದಲ್ಲೂ ಇಂಥ ಜೋಡಿ ಇದೆ. ಪುಸ್ತಕದಲ್ಲಿ 'ಧರೆ' ಎಂದರೆ ಇಡೀ ಭೂಮಿ, ಎಲ್ಲವನ್ನೂ ಧರಿಸಿದವಳು. ಮಲೆನಾಡಿನ ಮನೆಮಾತಿನಲ್ಲಿ ಅದೇ 'ಧರೆ' ಎಂದರೆ ಮನೆಯ ಹಿಂದೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟಗಳನ್ನು ಮುಚ್ಚಿತು. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಹೆಚ್ಚಿದಾಗ ಕಣಗಳು ಒಂದನ್ನೊಂದು ಒತ್ತಿ ಹಿಡಿಯುವ ಬಲ, ಅದರೊಡನೆ ಘರ್ಷಣೆ, ಎರಡೂ ಕಡಿಮೆಯಾಗುತ್ತವೆ. ಆಗ ಧರಿಸಬೇಕಾದದ್ದೇ ಜಾರುತ್ತದೆ.

ರಸಾಯನ ವಿಜ್ಞಾನಿಗಳು ಈ ಪದವನ್ನು ಇನ್ನೊಂದು ದಾರಿಗೆ ಒಯ್ದರು. ಬೆಂಕಿಗೆ ಬದಲಾಗದ, ನೀರಿನಲ್ಲಿ ಸುಲಭವಾಗಿ ಕರಗದ ಪುಡಿಯನ್ನು ಅವರು 'ಅರ್ಥ್' ಎಂದು ಕರೆದರು. ಇಂದಿನ ಭಾಷೆಯಲ್ಲಿ ಅವು ಲೋಹದ ಆಕ್ಸೈಡುಗಳು. 1794ರಲ್ಲಿ ಗ್ಯಾಡೊಲಿನ್, ಸ್ವೀಡನ್ನಿನ ಇಟರ್ಬಿ ಎಂಬ ಹಳ್ಳಿಯ ಕಪ್ಪು ಖನಿಜದಲ್ಲಿ ಇಂಥ ಹೊಸದೊಂದನ್ನು ಗುರುತಿಸಿದ. 'ರೇರ್ ಅರ್ಥ್', ಅಂದರೆ ವಿರಳ ಭಸ್ಮ ಧಾತುಗಳ ಕಥೆ ಅಲ್ಲಿಂದ ಶುರು. ಅವು ಮಣ್ಣೂ ಅಲ್ಲ, ಅಷ್ಟೇನೂ ವಿರಳವೂ ಅಲ್ಲ. ಅವುಗಳಲ್ಲೊಂದಾದ ಸೀರಿಯಮ್ ಭೂಚಿಪ್ಪಿನಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ.

ವಿದ್ಯುತ್ತಿನ ಅರ್ಥ್ ಬಂದದ್ದು ಟೆಲಿಗ್ರಾಫಿನಿಂದ. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್, ಮಂಡಲ ಪೂರ್ಣವಾಗಲು ಎರಡನೆಯ ತಂತಿ ಬೇಕಿಲ್ಲ, ನೆಲವೇ ಸಾಕು ಎಂದು ತೋರಿಸಿದ. ನಮ್ಮ ಪಠ್ಯಪುಸ್ತಕಗಳು ಇದನ್ನು 'ಭೂಸಂಪರ್ಕ' ಎನ್ನುತ್ತವೆ. ಒಳ್ಳೆಯ ಪದವೇ, ಆದರೆ ಎಲೆಕ್ಟ್ರಿಷಿಯನ್ ಅದನ್ನು ಬಳಸಿದ್ದನ್ನು ನಾನಂತೂ ಕೇಳಿಲ್ಲ.

ಈಗ ಈ ಊರುಗಳ ಮಣ್ಣಿಗೆ ಬರೋಣ. ಇಲ್ಲಿನ ಗುಡ್ಡಗಳಲ್ಲಿ ಜಂಬಿಟ್ಟಿಗೆ, ಅಂದರೆ ಚಿರೆಕಲ್ಲು ಹೇರಳ. ಇದಕ್ಕೆ 1807ರಲ್ಲಿ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್. ಲ್ಯಾಟಿನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಇಷ್ಟೊಂದು ಕಬ್ಬಿಣವಿರುವ ಮಣ್ಣು ಒಳ್ಳೆಯ ವಾಹಕವಾಗಿರಬೇಕಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇಲ್ಲ. ಅಲ್ಲಿರುವುದು ಲೋಹವಲ್ಲ, ತುಕ್ಕಿನಂಥ ಆಕ್ಸೈಡು. ಮಣ್ಣಿನಲ್ಲಿ ವಿದ್ಯುತ್ತನ್ನು ಮುಖ್ಯವಾಗಿ ಒಯ್ಯುವುದು ನೀರಿನಲ್ಲಿ ಕರಗಿದ ಲವಣಗಳ ಅಯಾನುಗಳು. ಚಿರೆಕಲ್ಲು ಹುಟ್ಟುವುದೇ ಮಳೆನೀರು ಸೋಡಿಯಮ್, ಪೊಟ್ಯಾಸಿಯಮ್, ಕ್ಯಾಲ್ಸಿಯಮ್‌ಗಳನ್ನು ತೊಳೆದೊಯ್ದಾಗ. ಹಾಗೆ ಹುಟ್ಟಿದ ಕಲ್ಲಿನಲ್ಲಿ ಅಯಾನುಗಳೆಲ್ಲಿ ಉಳಿದಾವು? ತೂತುಗಳ ಕಲ್ಲಾದ್ದರಿಂದ ನೀರೂ ಇಳಿದುಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ, ಪಂಪು ಹೆಚ್ಚು ಓಡುವ ಹೊತ್ತಿಗೆ ಸರಿಯಾಗಿ, ಅರ್ಥ್ ಗುಂಡಿಯ ರೋಧ ಏರಿರುತ್ತದೆ.

ಹಲವರು ಸಜೀವ ತಂತಿಗೂ ಅರ್ಥಿಗೂ ನಡುವೆ ಬಲ್ಬು ಹಿಡಿದು, ಅದು ಉರಿದರೆ 'ಅರ್ಥ್ ಚೆನ್ನಾಗಿದೆ' ಎನ್ನುತ್ತಾರೆ. ಇದು ಅಪಾಯಕಾರಿ, ಮಾಡಬೇಡಿ. ಸಾಲದ್ದಕ್ಕೆ ಅದು ಸುಳ್ಳನ್ನೂ ಹೇಳುತ್ತದೆ. ಲೆಕ್ಕ ಹಾಕಿ ನೋಡಿ. 230 ವೋಲ್ಟಿನಲ್ಲಿ 40 ವಾಟ್ ತಂತು ಬಲ್ಬಿನ ರೋಧ ಸುಮಾರು 1,320 ಓಮ್. ಅರ್ಥ್ ಗುಂಡಿಯ ರೋಧ 100 ಓಮ್ ಎಂದುಕೊಳ್ಳಿ. ಬಲ್ಬಿಗೆ ಸುಮಾರು 214 ವೋಲ್ಟ್ ಸಿಗುತ್ತದೆ. ಅದು ಚೆನ್ನಾಗಿಯೇ ಉರಿಯುತ್ತದೆ. ಆದರೆ ಮೋಟರಿನ ಸುರುಳಿ ಸುಟ್ಟು ಸಜೀವ ತಂತಿ ಹೊದಿಕೆಗೆ ತಗುಲಿದರೆ ಆ ಗುಂಡಿಯ ಮೂಲಕ ಹರಿಯುವುದು ಹೆಚ್ಚೆಂದರೆ 230/100 = 2.3 ಆಂಪಿಯರ್. 15 ಆಂಪಿಯರಿನ ಫ್ಯೂಸ್ ಇಷ್ಟಕ್ಕೆ ಕರಗದು. ಹೊದಿಕೆ ಹತ್ತಿರಹತ್ತಿರ 230 ವೋಲ್ಟಿನಲ್ಲೇ ನಿಂತಿರುತ್ತದೆ, ಮುಟ್ಟುವವರಿಗಾಗಿ.

ಗುಂಡಿಗೆ ಉಪ್ಪು, ಇದ್ದಲು ಹಾಕುವುದು ರೂಢಿ. ಇದ್ದಲು ತೇವ ಹಿಡಿದಿಡುತ್ತದೆ. ಉಪ್ಪು ಅಯಾನುಗಳನ್ನು ಕೊಡುತ್ತದೆ, ಆದರೆ ಕಬ್ಬಿಣದ ಕೊಳವೆಯನ್ನೂ ತಿನ್ನುತ್ತದೆ. ಇಲ್ಲಿನ ಮಳೆಗೆ ಬೇಗನೆ ತೊಳೆದೂ ಹೋಗುತ್ತದೆ. ನೀರು ಹೀರಿ ಉಬ್ಬುವ ಬೆಂಟೊನೈಟ್ ಜೇಡಿ ಹೆಚ್ಚು ಬಾಳುತ್ತದೆ. ಜಾಗ ಇನ್ನೂ ಮುಖ್ಯ. ಚಿರೆಕಲ್ಲಿನ ದಿಬ್ಬಕ್ಕಿಂತ ಕೆಳಗಿನ ತೋಟದ ತೇವದ ಅಂಚು ಮೇಲು. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹೊಯ್ಯುವುದು ಖರ್ಚಿಲ್ಲದ ಉಪಾಯ.

ಎಷ್ಟೇ ಮಾಡಿದರೂ ಒಣ ಕಲ್ಲಿನಲ್ಲಿ ರೋಧ ಸಾಕಷ್ಟು ಇಳಿಯದಿರಬಹುದು. ಅಲ್ಲಿ ಫ್ಯೂಸನ್ನಷ್ಟೇ ನಂಬುವಂತಿಲ್ಲ. ಸೋರಿಕೆಯನ್ನು ಗುರುತಿಸಿ ಕಡಿಯುವ ಸ್ವಿಚ್ಚು ಬೇಕು. ಹೋಗುವ, ಬರುವ ವಿದ್ಯುತ್ತಿನ ನಡುವೆ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಅದು ಕಡಿಯುತ್ತದೆ. ನಿಮ್ಮ ಶಾಲೆಯ ಅರ್ಥ್ ಗುಂಡಿಯ ರೋಧವನ್ನು ಏಪ್ರಿಲಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಅರ್ಹ ಎಲೆಕ್ಟ್ರಿಷಿಯನ್‌ರಿಂದ ಅರ್ಥ್ ಟೆಸ್ಟರಿನಲ್ಲಿ ಅಳೆಸಿ, ಎರಡು ಅಂಕಿಗಳನ್ನೂ ವಿದ್ಯಾರ್ಥಿಗಳಿಗೆ ಕೊಟ್ಟು ಕಾರಣ ಕೇಳಿ.